ಕೋಳಿ ಕೂಗಿದ್ದಕ್ಕೇ ಕೈರೋದಲ್ಲಿ ಬೆಳಗಾಯ್ತಾ?

ಹಾಸನದಿಂದ ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರು ಬರೆದಿದ್ದಾರೆ. ಪತ್ರ ನಾಲ್ಕು ಪುಟ ಇದೆ. ಸಾರ ಇಷ್ಟು:

"ನಗಿಸುವ ಸಿನಿಮಾಗಳ ಪಟ್ಟಿಯಲ್ಲಿ ನೀವು 'ಒಎಸ್ಎಸ್ 117: ಕೈರೋ, ಗೂಢಚಾರರ ಗೂಡು' ಎಂಬ ಫ್ರೆಂಚ್ ಚಿತ್ರ ಹಾಕಿದ್ದಿರಿ. ಮೊಮ್ಮಗನ ಜೊತೆ ಕೂತು ನೋಡಿದೆ. ಅವನು ಬಿದ್ದು ಬಿದ್ದು ನಕ್ಕ, ನನಗೆ ಮೈ ಉರಿಯಿತು. ನಾಯಕ ಈಜಿಪ್ಟಿನವರನ್ನು ಬಾಯಿಗೆ ಬಂದ ಹಾಗೆ ಹಗುರಾಗಿ ಮಾತಾಡುತ್ತಾನೆ. ಬೆಳಗಿನ ಜಾವ ಆಜಾನ್ ಕೂಗುವವನನ್ನು ಹೋಗಿ ಹೊಡೆಯುತ್ತಾನೆ. ಇದರಲ್ಲಿ ನಗೋಕೆ ಏನಿದೆ? 007 ಇದ್ದದ್ದಕ್ಕೆ ಇವರು 117 ಮಾಡಿದ್ದಾರೆ, ಬರೀ ನಕಲು. ನಮ್ಮ ಅಣ್ಣಾವ್ರ 999 ಮುಂದೆ ಇದು ಯಾವ ಲೆಕ್ಕ? ಪತ್ರ ಅಚ್ಚಾದರೆ ಗೌರವಧನ ಉಂಟೋ ಇಲ್ಲವೋ ತಿಳಿಸಿ."

ಮೇಷ್ಟ್ರೇ, ನಮಸ್ಕಾರ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಪಟ್ಟಿಯಲ್ಲಿ ಆ ಚಿತ್ರಕ್ಕೆ ನಾವು ಕೊಟ್ಟದ್ದು ಒಂದೇ ಸಾಲು. "ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತೆ" ಅಂತ ಬರೆದು ಕೈ ತೊಳೆದುಕೊಂಡೆವು. ಯಾರನ್ನು ನೋಡಿ ನಗಬೇಕು ಅನ್ನೋದನ್ನು ಹೇಳಲೇ ಇಲ್ಲ. ಆ ಸಾಲ ಈಗ ತೀರಿಸುತ್ತೇನೆ.

ನಕಲಿನ ವಿಷಯ ಬೇಗ ಮುಗಿಸೋಣ. ಇಲ್ಲಿ ನಿಮ್ಮ ಲೆಕ್ಕ ತಲೆಕೆಳಗಾಗಿದೆ. ಜಾನ್ ಬ್ರೂಸ್ ಎಂಬ ಫ್ರೆಂಚ್ ಲೇಖಕ ಒಎಸ್ಎಸ್ 117 ಎಂಬ ಗೂಢಚಾರನ ಮೊದಲ ಕಾದಂಬರಿ ಬರೆದದ್ದು 1949ರಲ್ಲಿ. ಇಯಾನ್ ಫ್ಲೆಮಿಂಗ್ ಅವರ ಮೊದಲ ಬಾಂಡ್ ಕಾದಂಬರಿ ಬಂದದ್ದು 1953ರಲ್ಲಿ. ಅಂದರೆ 117 ಅಣ್ಣ, 007 ತಮ್ಮ. ತಮ್ಮ ದೊಡ್ಡ ಹೆಸರು ಮಾಡಿದ, ಅಣ್ಣ ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿಯಲ್ಲೇ ಉಳಿದ. ಬ್ರೂಸ್ 1963ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಹೆಂಡತಿ ಬರೆದರು, ಅವರ ನಂತರ ಮಕ್ಕಳು ಬರೆದರು. ಒಟ್ಟು ಇನ್ನೂರೈವತ್ತು ದಾಟಿತು. ನಮ್ಮಲ್ಲಿ ಮನೆಮಂದಿಯೆಲ್ಲ ಸೇರಿ ಹಪ್ಪಳದ ವ್ಯಾಪಾರ ನಡೆಸುತ್ತಾರಲ್ಲ, ಹಾಗೆ.

ಐವತ್ತು, ಅರವತ್ತರ ದಶಕದಲ್ಲಿ ಈ 117ನ ಮೇಲೆ ಫ್ರಾನ್ಸಿನಲ್ಲಿ ಸಾಲಾಗಿ ಸಿನಿಮಾಗಳೂ ಬಂದವು. ಅವು ಅಣಕು ಚಿತ್ರಗಳಲ್ಲ, ಗಂಭೀರವಾಗೇ ತೆಗೆದವು. ಬ್ಯಾಂಕಾಕ್, ಬಹಿಯಾ, ಟೋಕಿಯೊ ಹೀಗೆ ಒಂದೊಂದು ಚಿತ್ರಕ್ಕೆ ಒಂದೊಂದು ಊರು. ನಾಯಕ ವಿಮಾನದಿಂದ ಇಳಿಯುತ್ತಾನೆ, ಊರಿನವರು ಹಿಂದೆ ಗೊಂಬೆಗಳ ಹಾಗೆ ನಿಂತಿರುತ್ತಾರೆ, ಇವನು ಎಲ್ಲರನ್ನೂ ಉದ್ಧಾರ ಮಾಡಿ ಹೊರಡುತ್ತಾನೆ. ಕಾದಂಬರಿಯಲ್ಲಿ ಅವನು ಲೂಸಿಯಾನಾದಿಂದ ಬಂದ, ಫ್ರೆಂಚ್ ಮೂಲದ ಅಮೆರಿಕನ್. ಹೆಸರು ಮಾತ್ರ ಇಷ್ಟುದ್ದ: ಹ್ಯೂಬರ್ ಬೊನಿಸರ್ ದ ಲಾ ಬಾತ್.

ನೀವು ನೋಡಿದ ಚಿತ್ರ 2006ರದು. ನಿರ್ದೇಶಕ ಮಿಶೆಲ್ ಹಜಾನವೀಸಿಯಸ್, ನಾಯಕ ಜಾನ್ ದ್ಯುಜಾರ್ದಾ. ಇವರು ಮಾಡಿದ ಮೊದಲ ಕಿತಾಪತಿ ಏನು ಗೊತ್ತಾ? ಹ್ಯೂಬರನ ಅಮೆರಿಕನ್ ಪಾಸ್‌ಪೋರ್ಟ್ ಕಿತ್ತುಕೊಂಡು ಅವನನ್ನು ಅಪ್ಪಟ ಫ್ರೆಂಚ್ ಸರ್ಕಾರಿ ಗೂಢಚಾರನನ್ನಾಗಿ ಮಾಡಿದ್ದು. ಅಲ್ಲಿಗೆ ಗೇಲಿ ಪಕ್ಕದ ಮನೆಯವರದ್ದಲ್ಲ, ಸ್ವಂತ ಮನೆಯದ್ದೇ ಆಯ್ತು.

ಈಗ ನಿಮ್ಮ ಸಿಟ್ಟಿನ ವಿಷಯ. ಆಜಾನ್ ದೃಶ್ಯವನ್ನೇ ತಗೊಳ್ಳೋಣ. ಹ್ಯೂಬರ್ ನಿದ್ದೆಗಣ್ಣಲ್ಲಿ ಏಳುತ್ತಾನೆ. ಯಾರೋ ಕಿರುಚುತ್ತಿದ್ದಾನೆ ಅಂತ ಅವನ ಎಣಿಕೆ. ನೆಟ್ಟಗೆ ಮಿನಾರದ ಮೇಲೆ ಹೋಗಿ ಕೈ ಮಾಡುತ್ತಾನೆ. ಆಮೇಲೆ ಅವನಿಗೆ ಒಂದಿಷ್ಟೂ ಅಳುಕಿಲ್ಲ, ಊರಿಗೆಲ್ಲ ಉಪಕಾರ ಮಾಡಿದೆ ಅನ್ನೋ ಸಮಾಧಾನ. ಮೇಷ್ಟ್ರೇ, ಆ ದೃಶ್ಯ ಆದ ಮೇಲೆ ಲಾರ್ಮಿನಾ ಮುಖ ನೋಡಿದಿರಾ? ಅವನ ಕೈರೋದ ಸೆಕ್ರೆಟರಿ, ಬೆರೆನಿಸ್ ಬೆಜೊ ಮಾಡಿದ ಪಾತ್ರ. ಈ ಮನುಷ್ಯ ಇಷ್ಟು ದಡ್ಡ ಇರೋಕೆ ಸಾಧ್ಯವಾ ಅಂತ ಅವಳು ಅವನನ್ನೇ ನೋಡುತ್ತಾಳೆ. ಕೋಪಕ್ಕಿಂತ ಮೊದಲು ಅವಳಿಗೆ ಬರೋದು ಆಶ್ಚರ್ಯ.

ನನ್ನ ಪ್ರಕಾರ ಇಡೀ ಚಿತ್ರದ ಕೀಲಿ ಆ ನೋಟದಲ್ಲಿದೆ. ಹಳೆಯ ಗೂಢಚಾರಿ ಚಿತ್ರಗಳಲ್ಲೂ ನಾಯಕ ಹೀಗೇ ಮಾತಾಡುತ್ತಿದ್ದ. ಅಲ್ಲಿ ಅದು ತಮಾಷೆ ಅಲ್ಲ, ಗತ್ತು. ಯಾರೂ ಹುಬ್ಬೇರಿಸುತ್ತಿರಲಿಲ್ಲ, ಚಪ್ಪಾಳೆ ತಟ್ಟುತ್ತಿದ್ದರು. ಹಜಾನವೀಸಿಯಸ್ ಆ ನಾಯಕನನ್ನು ಜಾಸ್ತಿ ಬದಲಿಸಲಿಲ್ಲ. ಕೋಟು, ಬಾಚಿದ ಕೂದಲು, ಒಂದು ಹುಬ್ಬು ಮೇಲಕ್ಕೆ, ಎಲ್ಲ ಹಾಗೇ ಇದೆ. ಅವನ ಎದುರಿಗೆ ಬುದ್ಧಿ ಇರುವ ಒಬ್ಬಳನ್ನು ನಿಲ್ಲಿಸಿದ, ಅಷ್ಟೇ. ಅವಳು ಒಂದು ಸಲ ಕಣ್ಣು ಮಿಟುಕಿಸಿದರೆ ಸಾಕು, ಅವನ ಗತ್ತೆಲ್ಲ ಗಾಳಿ ಹೋದ ಬಲೂನು.

ಸೂಯೆಜ್ ಕಾಲುವೆಯ ಮಾತು ನೆನಪಿದೆಯಾ? ಇತಿಹಾಸದ ಮೇಷ್ಟ್ರಾಗಿ ನೀವು ಅದಕ್ಕಾದರೂ ನಕ್ಕಿರಬೇಕು. ನಾಲ್ಕು ಸಾವಿರ ವರ್ಷದ ಹಿಂದೆ ಇಂಥದ್ದನ್ನು ಕಟ್ಟಿದರಲ್ಲ ಅಂತ ಹ್ಯೂಬರ್ ಬೆರಗಾಗುತ್ತಾನೆ. ಕಾಲುವೆ ಕಟ್ಟಿ 86 ವರ್ಷ ಆಯ್ತು ಅಂತ ಲಾರ್ಮಿನಾ ಹೇಳುತ್ತಾಳೆ. ಲೆಕ್ಕ ಹಾಕಿ ನೋಡಿ: ಕಾಲುವೆ ತೆರೆದದ್ದು 1869ರಲ್ಲಿ, ಕಥೆ ನಡೆಯೋದು 1955ರಲ್ಲಿ. ಅದನ್ನು ಕಟ್ಟಿಸಲು ಮುಂದೆ ನಿಂತವನು ಫ್ರಾನ್ಸಿನವನೇ ಆದ ಲೆಸೆಪ್ಸ್. ತನ್ನ ದೇಶದವನ ಕೆಲಸವನ್ನೇ ಫೇರೋಗಳ ಖಾತೆಗೆ ಬರೆದ ಪುಣ್ಯಾತ್ಮ ಇವನು!

ಆ 1955 ಸುಮ್ನೆ ಆರಿಸಿದ ವರ್ಷ ಅಲ್ಲ. ನೀವು ಹುಡುಗರಿಗೆ ಪಾಠ ಮಾಡಿದ್ದೇ ಇದು. 1954ರ ಮೇನಲ್ಲಿ ಫ್ರೆಂಚರು ವಿಯೆಟ್ನಾಮಿನ ದಿಯೆನ್ ಬಿಯೆನ್ ಫುವಿನಲ್ಲಿ ಸೋತರು. ಅದೇ ನವೆಂಬರಿನಲ್ಲಿ ಅಲ್ಜೀರಿಯಾದಲ್ಲಿ ಬಂಡಾಯ ಎದ್ದಿತು. 1956ರ ಮಾರ್ಚಿನಲ್ಲಿ ಅವರ ಹಿಡಿತದಲ್ಲಿದ್ದ ಮೊರಾಕ್ಕೊ, ಟ್ಯುನೀಸಿಯಾ ಎರಡೂ ಕೈತಪ್ಪಿದವು. ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಅಂದರೆ ಹ್ಯೂಬರ್ ಕೈರೋದಲ್ಲಿ ಎದೆ ಉಬ್ಬಿಸಿ ಓಡಾಡುವಾಗ ಅವನ ಕಾಲ ಕೆಳಗಿನ ಜಮಖಾನೆ ಆಗಲೇ ಜಾರುತ್ತಿದೆ. ಅವನೊಬ್ಬನಿಗೇ ಅದು ಗೊತ್ತಿಲ್ಲ.

ನಮ್ಮ ಅಜ್ಜಿ ಕಥೆ ನೋಡಿ. ತನ್ನ ಕೋಳಿ ಕೂಗೋದರಿಂದಲೇ ಬೆಳಗಾಗುತ್ತೆ ಅಂತ ನಂಬಿದ ಅಜ್ಜಿ. ಊರವರ ಮೇಲೆ ಮುನಿಸಿಕೊಂಡು ಕೋಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾಡಿಗೆ ಹೋದಳು, ಊರಿಗೆ ಇನ್ನು ಕತ್ತಲೇ ಗತಿ ಅಂತ. ಊರಲ್ಲಿ ಯಥಾಪ್ರಕಾರ ಬೆಳಗಾಯ್ತು. ಹ್ಯೂಬರ್ ಆ ಅಜ್ಜಿಯ ಫ್ರೆಂಚ್ ಮೊಮ್ಮಗ. ಇದನ್ನು ನಾನು ಎಳೆದು ತಂದು ಜೋಡಿಸುತ್ತಿಲ್ಲ. ಕೈರೋದಲ್ಲಿ ಅವನಿಗೆ ಕೊಟ್ಟಿರುವ ಸುಳ್ಳು ಉದ್ಯೋಗ ಯಾವುದು? ಕೋಳಿ ವ್ಯಾಪಾರ! ಹುಂಜ ಫ್ರಾನ್ಸಿನ ಹಳೆಯ ಲಾಂಛನ ಅನ್ನೋದೂ ನಿಮಗೆ ಗೊತ್ತಿದೆ.

ಆ ಕೋಳಿ ಶೆಡ್ಡಿನ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ. ದೀಪ ಹಾಕಿದರೆ ಕೋಳಿಗಳೆಲ್ಲ ಒಟ್ಟಿಗೆ ಗಲಾಟೆ ಎಬ್ಬಿಸುತ್ತವೆ. ಆರಿಸಿದರೆ ಗಪ್‌ಚಿಪ್. ಹ್ಯೂಬರ್ ಒಂದು ಸಲ ಹಾಕುತ್ತಾನೆ, ಆರಿಸುತ್ತಾನೆ. ಮತ್ತೆ ಹಾಕುತ್ತಾನೆ. ಅವನ ಮುಖದಲ್ಲಿ ಮೂರು ವರ್ಷದ ಮಗುವಿನ ಖುಷಿ. ಬಂದ ಕೆಲಸ ಮರೆತೇ ಹೋಯ್ತು. ತನ್ನ ಬೆರಳ ತುದಿಯಲ್ಲಿ ಹಗಲು ರಾತ್ರಿ ಆಗುತ್ತಿದೆಯಲ್ಲ, ಇನ್ನೇನು ಬೇಕು! ಸಾಮ್ರಾಜ್ಯದ ಮೇಲೆ ಬರೆದ ಎಷ್ಟೋ ದಪ್ಪ ಪುಸ್ತಕ ಓದಿದ್ದೇನೆ. ಒಂದು ಸ್ವಿಚ್ಚಿನಲ್ಲಿ ಇಷ್ಟು ಹೇಳಿದ್ದನ್ನು ಕಂಡಿಲ್ಲ.

ಇನ್ನೊಂದು, ಫೋಟೋ ವಿಷಯ. ಹ್ಯೂಬರ್ ಜೇಬಿನಲ್ಲಿ ಫ್ರಾನ್ಸಿನ ಅಂದಿನ ಅಧ್ಯಕ್ಷ ರೆನೆ ಕೋಟಿ ಅವರ ಚಿತ್ರ ಇಟ್ಟುಕೊಂಡಿರುತ್ತಾನೆ. ಅಲ್ಲಿನ ಬಡ ಕೆಲಸದವನೊಬ್ಬನಿಗೆ ಅದನ್ನು ಭಕ್ಷೀಸಿನ ಹಾಗೆ ಕೊಡುತ್ತಾನೆ. ಇವರು ನಮ್ಮ ನಾಯಕರು, ಇತಿಹಾಸದಲ್ಲಿ ಉಳಿಯುವವರು, ನಿನ್ನಂಥವರೆಂದರೆ ಇವರಿಗೆ ಪ್ರೀತಿ, ಇಟ್ಟುಕೋ, ಅದೃಷ್ಟ ಬರುತ್ತೆ ಅನ್ನೋ ಧಾಟಿ. ಕೋಟಿ ನಿಜವಾದ ವ್ಯಕ್ತಿಯೇ. 1954ರಿಂದ 1959ರ ಶುರುವಿನವರೆಗೆ ಅಧ್ಯಕ್ಷರಾಗಿದ್ದರು. ಆಮೇಲೆ ದಗಾಲ್ ಬಂದರು, ಕೋಟಿಯವರನ್ನು ಯಾರೂ ನೆನೆಯಲಿಲ್ಲ. ಫ್ರೆಂಚರ ಬಾಯಲ್ಲಿ ಆ ಹೆಸರು ಹೆಚ್ಚುಕಡಿಮೆ 'ಕೋತಿ' ಅಂತಲೇ ಕೇಳಿಸುತ್ತೆ. ಹಿರಿಯರ ಮರ್ಯಾದೆಗೆ ಅಂತ ನಾನು ಕೋಟಿ ಎಂದು ಬರೆಯುತ್ತಿದ್ದೇನೆ.

ಅಣ್ಣಾವ್ರ ಮಾತಿಗೆ ಬರೋಣ. 'ಜೇಡರ ಬಲೆ', 'ಗೋವಾದಲ್ಲಿ ಸಿಐಡಿ 999' ಎರಡೂ 1968ರವು, 'ಆಪರೇಷನ್ ಜ್ಯಾಕ್‌ಪಾಟ್' ಮರುವರ್ಷ, 'ಆಪರೇಷನ್ ಡೈಮಂಡ್ ರಾಕೆಟ್' 1978ರದು. ನಾಲ್ಕೂ ದೊರೈ-ಭಗವಾನ್ ಅವರವು. ನಾನೂ ಅವುಗಳ ಅಭಿಮಾನಿ, ಈ ವಿಷಯದಲ್ಲಿ ನಿಮ್ಮ ಹತ್ತಿರ ಜಗಳಕ್ಕೆ ಬರೋದಿಲ್ಲ. ಆದರೆ ಅವು ಬಾಂಡ್ ಚಿತ್ರಗಳನ್ನು ಮೆಚ್ಚಿ, ನಾವೂ ಒಂದು ಕೈ ನೋಡೇ ಬಿಡೋಣ ಅಂತ ತೆಗೆದವು. ಅಣಕಿಸೋಕೆ ತೆಗೆದವಲ್ಲ. 'ಇಫ್ ಯು ಕಮ್ ಟುಡೇ' ಹಾಡಿಗೆ ಇವತ್ತಿನ ಹುಡುಗರು ನಕ್ಕು ಕುಣಿಯುತ್ತಾರೆ. ನಮ್ಮ ಕಾಲದಲ್ಲಿ ಅದು ಸ್ಟೈಲು. ಅಲ್ಲಿ ಹಾಡು ಬದಲಾಗಿಲ್ಲ, ಕಾಲ ಬದಲಾಗಿದೆ. ಕಾಲ ತಾನಾಗಿ ಮಾಡುವ ಈ ಕೆಲಸವನ್ನು ಹಜಾನವೀಸಿಯಸ್ ಬೇಕಂತಲೇ ಮಾಡಿದ. ಹೊಸ ಚಿತ್ರವನ್ನು ಮೊದಲ ದಿನವೇ ಐವತ್ತು ವರ್ಷ ಹಳೆಯದಾಗಿ ಕಾಣಿಸಿದ.

ಅದಕ್ಕೆ ಪಟ್ಟ ಶ್ರಮ ಸಣ್ಣದಲ್ಲ. ಮೊರಾಕ್ಕೊದಲ್ಲಿ ಹಳೆಯ ಕೈರೋ ಕಟ್ಟಿದರು. ಬೆಳಕು, ಬಣ್ಣ, ಕ್ಯಾಮೆರಾ ನಿಲ್ಲುವ ರೀತಿ ಎಲ್ಲ ಹಳೆಯ ಚಿತ್ರಗಳ ಹಾಗೇ. ಕಾರಿನ ದೃಶ್ಯದಲ್ಲಿ ಕಾರು ನಿಂತಲ್ಲೇ ಇರುತ್ತೆ, ಹಿಂದೆ ಪರದೆ ಮೇಲೆ ರಸ್ತೆ ಓಡುತ್ತೆ. ನಮ್ಮ ಕಪ್ಪು-ಬಿಳುಪು ಚಿತ್ರಗಳಲ್ಲೂ ಇದು ಇತ್ತಲ್ವಾ? ಆ ವರ್ಷದ ಟೋಕಿಯೊ ಚಿತ್ರೋತ್ಸವದಲ್ಲಿ ಇದಕ್ಕೇ ದೊಡ್ಡ ಬಹುಮಾನ ಬಂತು. ಮರುವರ್ಷ ಕಲಾ ನಿರ್ದೇಶನಕ್ಕೆ ಫ್ರಾನ್ಸಿನ ಸೆಜಾರ್ ಪ್ರಶಸ್ತಿ ಬಂತು. ಇದೇ ನಿರ್ದೇಶಕ, ಇದೇ ನಾಯಕ, ಇದೇ ನಾಯಕಿ 2011ರಲ್ಲಿ ಮಾತಿಲ್ಲದ 'ದಿ ಆರ್ಟಿಸ್ಟ್' ಮಾಡಿ ಐದು ಆಸ್ಕರ್ ಹೊತ್ತು ತಂದರು. ಅಣಕಿಸುತ್ತಾ ಅಣಕಿಸುತ್ತಾ ಹಳೆಯ ಸಿನಿಮಾದ ಕಸುಬನ್ನೇ ಕಲಿತುಬಿಟ್ಟರು ಅನ್ನಿಸುತ್ತೆ.

ಒಂದು ಸಣ್ಣ ಸಂಗತಿ, ನಿಮ್ಮ ಮೊಮ್ಮಗನಿಗೆ. ಹ್ಯೂಬರ್ ವಾದ್ಯಗಾರನ ವೇಷ ಹಾಕಿ 'ಬಂಬಿನೊ' ಅನ್ನೋ ಹಾಡನ್ನು ಅರಬ್ಬಿಯಲ್ಲಿ ಹಾಡುತ್ತಾನಲ್ಲ, ಅದನ್ನು ಫ್ರಾನ್ಸಿನಲ್ಲಿ ಮನೆಮಾತು ಮಾಡಿದವಳು ದಲಿದಾ. ಅವಳು ಹುಟ್ಟಿದ್ದು ಕೈರೋದಲ್ಲೇ. ಕೈರೋದ ಹುಡುಗಿ ಪ್ಯಾರಿಸ್ಸಿಗೆ ಹೋಗಿ ಹಾಡಿದ್ದನ್ನು ಪ್ಯಾರಿಸ್ಸಿನವನು ಕೈರೋಗೆ ಬಂದು ಅಲ್ಲಿನವರಿಗೇ ಹಾಡಿ ತೋರಿಸುತ್ತಾನೆ. ಆ ಹಾಡು ಬಂದದ್ದು 1956ರಲ್ಲಿ, ಕಥೆ 1955ರದು. ಇತಿಹಾಸದ ಮೇಷ್ಟ್ರು ಅರ್ಧ ಅಂಕ ಕಳೆಯಬಹುದು.

ಹಾಗಂತ ಚಿತ್ರದಲ್ಲಿ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಮತ್ತೆ ಹಾಕಿಕೊಂಡು ನೋಡಿದೆ. ಲಾರ್ಮಿನಾ ಮತ್ತು ರಾಜಕುಮಾರಿ ಬಟ್ಟೆ ಹರಿದುಕೊಂಡು ಹೊಡೆದಾಡುವ ದೃಶ್ಯ ಇದೆಯಲ್ಲ, ಅಲ್ಲಿ ಹಳೆಯ ಚಿತ್ರಗಳ ಚಪಲವನ್ನು ಗೇಲಿ ಮಾಡುತ್ತಿದ್ದಾರೋ, ತಾವೇ ಚಪ್ಪರಿಸುತ್ತಿದ್ದಾರೋ ಗೊತ್ತಾಗೋದಿಲ್ಲ. ನೋಡುವಾಗ ಮುಜುಗರ ಆಯ್ತು. ಇನ್ನೊಂದು, ಲಾರ್ಮಿನಾ ಒಬ್ಬಳನ್ನು ಬಿಟ್ಟರೆ ಈಜಿಪ್ಟಿನ ಉಳಿದ ಪಾತ್ರಗಳಿಗೆ ಮೈಮೂಳೆ ಕಡಿಮೆ. ಹಳೆಯ ಚಿತ್ರಗಳಲ್ಲಿ ಹಿಂದೆ ನಿಂತಿದ್ದವರು ಇಲ್ಲೂ ಸುಮಾರಾಗಿ ಹಿಂದೆಯೇ ನಿಂತಿದ್ದಾರೆ. ಮಿನಾರದ ಮೇಲೆ ಏಟು ತಿಂದವನ ಕಡೆಯಿಂದ ನೋಡಿದರೆ, ನಗು ನನ್ನ ಮೇಲಲ್ಲ ಅವನ ಮೇಲೆ ಅನ್ನೋದು ಎಷ್ಟು ಸಮಾಧಾನವೋ ನನಗೂ ಅನುಮಾನ. ನಿಮಗೆ ಮೈ ಉರಿದದ್ದು ಅಲ್ಲೇ ಇರಬೇಕು. ಅದನ್ನು ನಾನು ತಳ್ಳಿಹಾಕಲಾರೆ.

ಮೊಮ್ಮಗ ಮುಂದಿನ ಭಾಗ ಕೇಳುತ್ತಿದ್ದಾನೆ ಅಂದಿರಿ. 2009ರದ್ದು ರಿಯೋದಲ್ಲಿ ನಡೆಯುತ್ತೆ, ಕಥೆಯ ಕಾಲ 1967. ಹ್ಯೂಬರ್ ಅಲ್ಲಿ ಇನ್ನೂ ಒರಟ, ಅವನ ಮೇಲಿನ ಗೇಲಿಯೂ ಇನ್ನೂ ಖಾರ. ಅದನ್ನು ಧಾರಾಳವಾಗಿ ನೋಡಲಿ. 2021ರ ಮೂರನೆಯದನ್ನು ಬೇರೆ ನಿರ್ದೇಶಕರು ತೆಗೆದಿದ್ದಾರೆ. ದ್ಯುಜಾರ್ದಾ ಇದ್ದಾನೆ, ಒಗ್ಗರಣೆ ಇದೆ, ಉಪ್ಪು ಮರೆತಿದ್ದಾರೆ.

ಕೊನೆಗೆ ಗೌರವಧನ. ಅಚ್ಚಾದ ಪತ್ರಕ್ಕೆ ಖಂಡಿತ ಉಂಟು ಮೇಷ್ಟ್ರೇ. ನಿಮ್ಮ ವಿಳಾಸಕ್ಕೆ ಒಂದು ಕೋಟಿ ಕಳಿಸಿದ್ದೇನೆ. ಕವರಿನಲ್ಲಿ ಮಡಚಿ ಹೋಗಬಾರದು ಅಂತ ಹಿಂದೆ ರಟ್ಟು ಇಟ್ಟಿದ್ದೇನೆ.

– ಸಂಪಾದಕ