ಮೇಘಾಲಯದ ಜೈಂತಿಯಾ ಬೆಟ್ಟದ ತೊರೆಯಲ್ಲಿ ಕಿತ್ತಳೆ ಕೆಸರು: ಕೆಳಗಿನ ತಿಳಿ ನೀರು ಕುಡಿಯಬಹುದಾ?

ನೀವು ಕಳಿಸಿದ ಫೋಟೋದಲ್ಲಿ ಕಲ್ಲಿದ್ದಲು ಗಣಿ ಗುಂಡಿಗಳ ಕೆಳಗೆ ಕಲ್ಲಿಗೆ ಅಂಟಿರುವ ಕಿತ್ತಳೆ ಕೆಸರು ಹೆಚ್ಚಾಗಿ ಗಣಿಯ ಆಮ್ಲ ನೀರಿನದ್ದೇ. ಕಲ್ಲಿದ್ದಲಿನಲ್ಲಿರುವ ಪೈರೈಟ್‌ಗೆ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಅದು ಬಂಡೆಯ ಲೋಹಗಳನ್ನು ಕರಗಿಸಿಕೊಂಡು ಇಳಿಯುತ್ತದೆ. ಬೇರೆ ತೊರೆ ಸೇರಿ ಆಮ್ಲ ತಗ್ಗಿದಾಗ ಮೊದಲು ಕಬ್ಬಿಣ ತಳ ಸೇರುತ್ತದೆ, ಆಮೇಲೆ ಅಲ್ಯೂಮಿನಿಯಂ ಬೆಳ್ಳಗೆ ಕೂರುತ್ತದೆ. ಮ್ಯಾಂಗನೀಸ್, ಸತು ಮಾತ್ರ ತಿಳಿ ನೀರಲ್ಲೇ ಇನ್ನೂ ದೂರ ಸಾಗುತ್ತವೆ. ಹಾಗಾಗಿ ತಿಳಿಯಾಗಿದೆ ಅಂತ ಕುಡಿಯಬೇಡಿ. ಕುದಿಸಿದರೂ ಲೋಹ ಹೋಗುವುದಿಲ್ಲ.

ಮೊದಲು ಪಿಎಚ್ ಪಟ್ಟಿ (ನೀರು ಎಷ್ಟು ಆಮ್ಲೀಯ ಅಂತ ತೋರಿಸುವ ಕಾಗದ) ತಗೊಂಡು ಗುಂಡಿಗಳಿಗಿಂತ ಮೇಲಿನ ತೊರೆಯಲ್ಲಿ, ಕೆಸರಿನ ಹತ್ತಿರ, ನೀವು ನೀರು ತುಂಬುವಲ್ಲಿ ನೋಡಿ. ಕುಡಿಯುವ ನೀರಿಗೆ 6.5ರಿಂದ 8.5 ಇರಬೇಕು. ಸರಿ ಬಂದರೂ ಅಷ್ಟಕ್ಕೇ ನಂಬಬೇಡಿ, ಸುಣ್ಣಕಲ್ಲು ಆಮ್ಲವನ್ನು ತಗ್ಗಿಸಿರಬಹುದು. ಬರೀ ಕಬ್ಬಿಣದ ಬ್ಯಾಕ್ಟೀರಿಯಾದಿಂದಲೂ ಇಂಥ ಕೆಸರು ಬರುತ್ತದೆ, ಫೋಟೋ ನೋಡಿ ಖಚಿತವಾಗಿ ಹೇಳಲಾರೆ. ಅದಕ್ಕೇ ಲ್ಯಾಬ್‌ನಲ್ಲಿ ಸಲ್ಫೇಟ್ ಪರೀಕ್ಷೆ ಕೇಳಿ, ಗಂಧಕಾಮ್ಲದಿಂದ ನೀರಿಗೆ ಸೇರುವುದು ಅದೇ. ಗುಂಡಿಗಳ ಮೇಲಿನ ನೀರಿಗಿಂತ ಕೆಳಗೆ ತುಂಬಾ ಜಾಸ್ತಿ ಇದ್ದರೆ ಗಣಿಯದ್ದೇ. ಜೊತೆಗೆ ಕಬ್ಬಿಣ, ಮ್ಯಾಂಗನೀಸ್, ಅಲ್ಯೂಮಿನಿಯಂ, ಸತು ಬರೆಸಿ. ಲೋಹಕ್ಕೆ ಬೇರೆ ಬಾಟಲಿ ಬೇಕು, ಆಮ್ಲ ಹಾಕಿದ್ದನ್ನು ಅವರಿಂದಲೇ ತಗೊಳ್ಳಿ. ಒಣ ದಿನಗಳ ನಂತರದ ಮೊದಲ ಮಳೆಯಲ್ಲೂ ಒಂದು ಮಾದರಿ ಹಿಡಿಯಿರಿ, ಗುಂಡಿಯ ಉಪ್ಪೆಲ್ಲ ಆಗ ಒಟ್ಟಿಗೆ ತೊಳೆದು ಬರುತ್ತದೆ.

ವರದಿ ಬರುವವರೆಗೆ ಮಕ್ಕಳಿಗೆ ಚಾವಣಿಯ ಮಳೆನೀರು ಸೋಸಿ, ಕುದಿಸಿ ಕೊಡಿ.