ನಾಲೆ ಅಗಲ ಮಾಡಿದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಹರಿಯದು

'ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿರುವ ಮಗನ ಮನೆಗೆ ಹೋಗಿ ಒಂದು ತಿಂಗಳಿದ್ದು ಬಂದೆ. ಅವನ ಆಫೀಸು ಹೆಬ್ಬಾಳದ ಹತ್ತಿರ. ಹೋಗಲು ಒಂದೂವರೆ ಗಂಟೆ, ಬರಲು ಎರಡು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಮಾಡುತ್ತೇವೆಂದರೆ ಅದಕ್ಕೂ ತಕರಾರು. ಹೀಗೆ ಅಡ್ಡಗಾಲು ಹಾಕುವವರ ಬಗ್ಗೆ ನಿಮ್ಮ ಪತ್ರಿಕೆ ಯಾಕೆ ಬರೆಯುವುದಿಲ್ಲ? ನಮ್ಮ ಚಿಕ್ಕಮಗಳೂರು, ನಿಮ್ಮ ಹಾಸನವಾದರೂ ಈಗಲೇ ರಸ್ತೆ ಅಗಲ ಮಾಡಿಕೊಳ್ಳಬಾರದೇ?'
— ನಿವೃತ್ತ ಗಣಿತ ಶಿಕ್ಷಕರು, ಬಸವನಹಳ್ಳಿ, ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಕಾಗದ ಕೈಗೆ ಬಂದ ದಿನ ನಾನೂ ಬೆಂಗಳೂರಿಂದ ಸೊಂಟ ಹಿಡಿದುಕೊಂಡು ಬಂದು ಕೂತಿದ್ದೆ. ರೋಗದ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿಲ್ಲ. ನೀವು ಬರೆದುಕೊಟ್ಟ ಔಷಧಿ ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಸೇತುವೆಯೇ ಬೇಡ ಎನ್ನುವ ಪೈಕಿ ನಾನಲ್ಲ. ರೈಲ್ವೆ ಗೇಟು ಹಾಕಿದಾಗ ಆಂಬುಲೆನ್ಸ್ ಹಿಂದೆ ನಿಂತವರಿಗೆ ಮೇಲ್ಸೇತುವೆಯ ಬೆಲೆ ಗೊತ್ತಿರುತ್ತದೆ. ಹಾಸನದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟನ್ನು ಒಪ್ಪಿಕೊಂಡು ಪೀಣ್ಯಕ್ಕೆ ಬರುತ್ತೇನೆ.

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವವರಿಗೆಲ್ಲ ಪೀಣ್ಯದ ಮೇಲ್ಸೇತುವೆಯೇ ಹೆಬ್ಬಾಗಿಲು. 2021ರ ಡಿಸೆಂಬರಿನಲ್ಲಿ ಅದರ ಕೇಬಲ್ಲುಗಳಲ್ಲಿ ದೋಷ ಕಂಡು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಕಾರುಗಳನ್ನು ಬಿಟ್ಟರು. ಬಸ್ಸು, ಲಾರಿಗೆ ಅನುಮತಿ ಸಿಕ್ಕಿದ್ದು 2024ರ ಜುಲೈಗೆ, ಅದೂ ಶುಕ್ರವಾರ ಬಿಟ್ಟು. ಆ ಎರಡೂವರೆ ವರ್ಷ ನಾನು ಕೆಂಪು ಬಸ್ಸಿನ ಕಿಟಕಿಯಲ್ಲಿ ಕೂತು ನೋಡಿದ ದೃಶ್ಯ ಇಷ್ಟೇ: ಮೇಲೆ ಒಂದು ಕಾರಿನಲ್ಲಿ ಒಬ್ಬ, ಕೆಳಗೆ ಒಂದು ಬಸ್ಸಿನಲ್ಲಿ ಐವತ್ತು ಜನ. ಮೇಲಿನವನು ಯಶವಂತಪುರ ದಾಟಿದರೂ ನಾವು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ. ಒಂದು ಸಲ ಕಂಡಕ್ಟರ್ ಟಿಕೆಟ್ ಲೆಕ್ಕ ಪೂರ್ತಿ ಮುಗಿಸಿ, ಕೆಳಗಿಳಿದು ಟೀ ಕುಡಿದು, ನಡೆದೇ ಬಂದು ಅದೇ ಬಸ್ಸು ಹತ್ತಿದ! ರಸ್ತೆಯಲ್ಲಿ ಎಷ್ಟು ಗಾಡಿ ಹೋದವು ಅಂತ ಎಣಿಸುವವರಿದ್ದಾರೆ, ಎಷ್ಟು ಜನ ಹೋದರು ಅಂತ ಎಣಿಸುವವರಿಲ್ಲ. ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಶುರು.

ರಸ್ತೆ ಅಗಲ ಮಾಡಿದರೆ ದಟ್ಟಣೆ ಕರಗುತ್ತದೆ ಎನ್ನುತ್ತೀರಿ. ಗೊರೂರಿನ ಹೇಮಾವತಿ ನಾಲೆಗಳನ್ನು ನೋಡಿದ ನಮಗೆ ಇದನ್ನು ಹೇಳಬಾರದು ಮೇಷ್ಟ್ರೇ. ನಾಲೆ ಅಗಲವಾದ ವರ್ಷ ಮೇಲಿನವರು ರಾಗಿ ಹೊಲವನ್ನು ಗದ್ದೆ ಮಾಡುತ್ತಾರೆ, ಗದ್ದೆಯವರು ಎರಡನೇ ಬೆಳೆ ಹಾಕುತ್ತಾರೆ. ನಾಲೆಯ ಕೊನೆಯ ರೈತ ಎಂದಿನಂತೆ ಗುದ್ದಲಿ ಹಿಡಿದು ಆಕಾಶ ನೋಡುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ ಹೆದ್ದಾರಿಗಳ ಬಗ್ಗೆ ಇದೇ ಮಾತು ಹೇಳಿದ: ಬೆಳಗ್ಗೆ ಸಂಜೆಯ ದಟ್ಟಣೆ ಹೊಸ ರಸ್ತೆಯ ಅಳತೆಗೆ ತಕ್ಕಂತೆ ಹಿಗ್ಗಿಬಿಡುತ್ತದೆ. ಅದೇ ದೇಶದ ಹ್ಯೂಸ್ಟನ್ನಿನವರು 2008ರಲ್ಲಿ ಒಂದು ಹೆದ್ದಾರಿಯನ್ನು ಕೆಲವು ಕಡೆ 26 ಪಥದವರೆಗೆ ಹಿಗ್ಗಿಸಿದರು, ಕೆಲವೇ ವರ್ಷಕ್ಕೆ ದಟ್ಟಣೆ ಮರಳಿ ಪ್ರಯಾಣದ ಹೊತ್ತು ಮತ್ತೆ ಏರಿತು. ದಕ್ಷಿಣ ಕೊರಿಯಾದ ಸೋಲ್ ನಗರದವರು ತಿರುವುಮುರುವು ಮಾಡಿದರು. ಊರ ನಡುವಿನ ಮೇಲ್ಸೇತುವೆ ರಸ್ತೆಯನ್ನು 2003ರಲ್ಲಿ ಕೆಡವಲು ಶುರುಮಾಡಿ, ಅದರಡಿ ಹೂತುಹೋಗಿದ್ದ ಹಳ್ಳವನ್ನು 2005ಕ್ಕೆ ಮತ್ತೆ ಹರಿಸಿದರು. ಊರೇನೂ ಮುಳುಗಲಿಲ್ಲ.

ಈಗ ನಿಮ್ಮ ಸುರಂಗ. ಸುಮಾರು 17 ಕಿಲೋಮೀಟರ್, 17,000 ಕೋಟಿ ರೂಪಾಯಿ ಮೀರಿದ ಅಂದಾಜು, ಮೇಲೆ ಟೋಲು. ಬೈಕಿನವರಿಗೆ ಒಳಗೆ ಜಾಗವಿಲ್ಲವಂತೆ. ಬಿಎಂಟಿಸಿ ಬಳಿ ಇರುವ ಬಸ್ಸುಗಳು ಏಳು ಸಾವಿರದ ಆಸುಪಾಸು, ನಗರದಲ್ಲಿ ನೋಂದಾಯಿಸಿದ ವಾಹನಗಳು ಒಂದು ಕೋಟಿ ದಾಟಿ ಯಾವ ಕಾಲವಾಯಿತು. ಲೆಕ್ಕದ ಮೇಷ್ಟ್ರು ನೀವು, ಆ ದುಡ್ಡಿಗೆ ಎಷ್ಟು ಬಸ್ಸು ಬರುತ್ತವೆ, ನೀವೇ ಭಾಗಿಸಿ ನೋಡಿ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿವರೆಗೆ ಬಸ್ಸಿಗೆಂದೇ ಒಂದು ಪಥ ಬಿಟ್ಟು ಗೂಟ ನೆಟ್ಟಿದ್ದರು. ಕಾರಿನವರು ಬೈದರು, ಬಸ್ಸಿನವರು ಹರಸಿದರು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಗೂಟ ಕಿತ್ತರು. ಬಸ್ಸಿನವರ ಹರಕೆಗೆ ಅಷ್ಟೇ ಆಯಸ್ಸು.

ಇನ್ನು ಯೋಜನೆ. ಆ ಊರಿನ ಮಾಸ್ಟರ್ ಪ್ಲಾನ್ 2015ಕ್ಕೆಂದು ಮಾಡಿದ್ದು. 2031ಕ್ಕೆಂದು ಬರೆದ ಕರಡನ್ನು ವಾಪಸು ತೆಗೆದುಕೊಂಡರು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಫುಟ್‌ಪಾತಿನ ಕಲ್ಲು ಎದ್ದಿದೆ ಅಂತ ನಿಮ್ಮ ಮಗ ಯಾರ ಮನೆ ಬಾಗಿಲು ತಟ್ಟಬೇಕಿತ್ತು? ಅಂಥ ಊರಿಗೇ ರಾಜ್ಯದ ಕೆಲಸವನ್ನೆಲ್ಲ ಗುಡ್ಡೆ ಹಾಕಿದ್ದೇವೆ. ನಮ್ಮ ಪಿಯುಸಿ ಮಕ್ಕಳು ಫಲಿತಾಂಶ ಬಂದ ವಾರವೇ ಬ್ಯಾಗು ಕಟ್ಟುತ್ತಾರೆ, ಹಿಂದೆಯೇ ಅಪ್ಪ ಅಮ್ಮ ಅಡಿಕೆ, ಕಾಫಿ ಮಾರಿದ ದುಡ್ಡು ಕಳಿಸುತ್ತಾರೆ. ಅಲ್ಲಿ ಸಂಪಾದಿಸಿದವರು ಶನಿವಾರ ಅದೇ ಕಾರುಗಳಲ್ಲಿ ನಿಮ್ಮ ಗಿರಿಗೆ ಬಂದು ಕೈಮರದಿಂದಲೇ ಸಾಲು ನಿಲ್ಲುತ್ತಾರೆ. ಮುಳ್ಳಯ್ಯನಗಿರಿಗೆ ಹೋಗಲು ಮುಂಗಡ ಬುಕಿಂಗ್ ಮಾಡಿಸುವ ಕಾಲ ಬಂತಲ್ಲ. ಅಲ್ಲೂ ಒಂದು ಸುರಂಗ ಕೊರೆಯೋಣವೇ?

ತಮಾಷೆ ಬಿಡಿ. ನಮ್ಮ ಹಾಸನ ಈಗ ಮಹಾನಗರ ಪಾಲಿಕೆ. ಹೆಸರು ದೊಡ್ಡದಾದ ಮೇಲೆ ಊರ ಸುತ್ತ ಸೈಟುಗಳ ಫಲಕ ಇನ್ನೂ ದೊಡ್ಡವಾಗಿವೆ. ಬಡಾವಣೆಗಳಿಗೆ ಬಣ್ಣದ ಕಮಾನುಗಳಿವೆ, ಬಸ್ಸು ತಿರುಗಿಸಲು ಜಾಗವಿಲ್ಲ. ನಾವು ತರಕಾರಿ ತರುವ ಮಾರುಕಟ್ಟೆಯ ಹೆಸರು ಕಟ್ಟಿನಕೆರೆ. ನಮ್ಮ ಬಸ್ಸು ಹೋಗಿ ನಿಲ್ಲುವ ಮೆಜೆಸ್ಟಿಕ್ ಧರ್ಮಾಂಬುಧಿ ಕೆರೆಯ ಅಂಗಳ. ಬೆಂಗಳೂರನ್ನು ಬೈಯುವಾಗ ನನಗೆ ಇದು ನೆನಪಾಗಿ ದನಿ ಸ್ವಲ್ಪ ತಗ್ಗುತ್ತದೆ. ಹಾಸನದ ಬಿ.ಎಂ. ರಸ್ತೆ ಅಗಲವಾಗಲಿ ಎನ್ನುವವರನ್ನು ನಾನು ಕೇಳುವುದು ಒಂದೇ: ಎನ್.ಆರ್. ಸರ್ಕಲ್ಲಿನಲ್ಲಿ ಒಬ್ಬ ಅಜ್ಜಿ ರಸ್ತೆ ದಾಟಲು ಎಷ್ಟು ಹೊತ್ತು ಕಾಯುತ್ತಾಳೆ, ಒಂದು ದಿನ ನಿಂತು ನೋಡಿದ್ದೀರಾ?

ಮುಂದಿನ ಸಲ ಮಗನ ಮನೆಗೆ ಹೊರಟಾಗ ಹಾಸನದವರೆಗೆ ಬಸ್ಸಿನಲ್ಲಿ ಬಂದು ಇಲ್ಲಿ ರೈಲು ಹತ್ತಿ. ಇಪ್ಪತ್ತು ವರ್ಷ ಕಾದು 2017ರಲ್ಲಿ ಪಡೆದುಕೊಂಡ ದಾರಿ ಅದು, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹಾಯಾಗಿ ಹೋಗುತ್ತದೆ. ರೈಲಿಗೆ ಹೊತ್ತಿದ್ದರೆ ನಮ್ಮ ಕಚೇರಿಗೆ ಬನ್ನಿ, ನಿಮ್ಮೂರಿನದೇ ಪುಡಿಯ ಕಾಫಿ ಕೊಡುತ್ತೇನೆ. ಕಾರಿನಲ್ಲಿ ಮಾತ್ರ ಬರಬೇಡಿ, ನಮ್ಮ ಬೀದಿಯಲ್ಲಿ ನಿಲ್ಲಿಸಲು ಜಾಗವಿಲ್ಲ.

— ಸಂಪಾದಕ