ಡ್ರಮ್ಸ್ ಇಲ್ಲ, ತಾಳ ಹಿಡಿಯುವವರಿಲ್ಲ. ಮೂವರೂ ಒಟ್ಟಿಗೆ ಹೊಳೆದದ್ದನ್ನು ನುಡಿಸಿದರೆ ಗದ್ದಲ ಆಗೋದಿಲ್ವಾ?

ನೀವು ಜುಗಲ್‌ಬಂದಿ ಕೇಳಿ ಬೆಳೆದವರು. ಮೂರು ಜನರ ಚೇಂಬರ್ ಜಾಝ್, ಅಂದರೆ ಕೆಲವೇ ವಾದ್ಯಗಳಲ್ಲಿ ಮೆಲ್ಲಗೆ ನುಡಿಸುವ ಜಾಝ್, ಕೇಳಿದಾಗ ಯಾರು ಮುಖ್ಯ, ಯಾರು ಸಾಥ್ (ಪಕ್ಕವಾದ್ಯ) ಅನ್ನೋದೇ ತಿಳಿಯಲಿಲ್ಲ ಎಂದು ಬರೆದು ಈ ಪ್ರಶ್ನೆ ಕೇಳಿದ್ದೀರಿ.

ಗದ್ದಲ ಆಗುತ್ತದೆ. ನಮ್ಮದು ಆಗಿತ್ತು.

ನಾನು ಧಾರವಾಡದವನು, ಹಾರ್ಮೋನಿಯಂ ಸಾಥ್ ಮಾಡುತ್ತೇನೆ. ಹೋದ ಮಳೆಗಾಲ ಮಾಳಮಡ್ಡಿಯ ಒಂದು ಮನೆಯಲ್ಲಿ ಮೂವರು ಗೆಳೆಯರು ಕೂತೆವು. ಒಬ್ಬ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು, ಇನ್ನೊಬ್ಬ ಒಂದೇ ತಂತಿಯ ಚೌಡಿಕೆ ನುಡಿಸುವವನು. ತಬಲಾ ಬೇಡ ಎಂದು ಮೊದಲೇ ಮಾತಾಗಿತ್ತು. ಶ್ರುತಿಯ ಸಾ ಎಲ್ಲಿ ಇಡೋದು ಅನ್ನೋದರಲ್ಲೇ ಅರ್ಧ ಗಂಟೆ ಹೋಯಿತು. ಕ್ಲಾರಿನೆಟ್‌ಗೆ ಕಾಳಿ ಐದು (ಹಾರ್ಮೋನಿಯಂನ ಐದನೇ ಕಪ್ಪು ಮನೆ) ಸಲೀಸು, ನನ್ನ ಕೈ ಒಗ್ಗಿದ್ದು ಕಾಳಿ ಒಂದಕ್ಕೆ. ಅವನೇ ಗೆದ್ದ. ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿದರೆ, ಥೇಟ್ ಸಂತೆ. ತಪ್ಪು ನನ್ನದೇ ಜಾಸ್ತಿ. ಹಾಡುವವರು ಉಸಿರು ತೆಗೆದುಕೊಂಡ ಕೂಡಲೇ ಆ ಜಾಗ ತುಂಬೋದು ಸಾಥ್ ಮಾಡುವವನ ಚಟ. ಇಲ್ಲಿ ಅದೇ ಮುಳುವಾಯಿತು.

ಜುಗಲ್‌ಬಂದಿಯಲ್ಲಿ ರಾಗ ಗೊತ್ತಿರುತ್ತದೆ, ತಬಲಾದ ಠೇಕಾ, ಅಂದರೆ ತಾಳದ ಆವರ್ತನ, ನಡೆದಿರುತ್ತದೆ. ಎಷ್ಟು ದೂರ ಹೋದರೂ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂಡಬಹುದು. ಸರದಿಯೂ ಇರುತ್ತದೆ. ಈ ಸಂಗೀತದಲ್ಲಿ ಎಷ್ಟೋ ಸಲ ಕಾಯುವ ಸಮ್ಮೇ ಇರುವುದಿಲ್ಲ. ಒಬ್ಬ ಒಂದು ತುಣುಕು ಬಿಡುತ್ತಾನೆ, ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಇಲ್ಲವೇ ಬೇಕಂತಲೇ ಬಿಡುತ್ತಾನೆ. ಸಾಥ್ ಯಾರು ಅನ್ನೋದು ಗಳಿಗೆಗೊಮ್ಮೆ ಬದಲಾಗುತ್ತದೆ. ನಿಮಗೆ ತಿಳಿಯದೇ ಇದ್ದದ್ದು ಸರಿಯೇ.

ಅಮೆರಿಕದ ಕ್ಲಾರಿನೆಟ್, ಸ್ಯಾಕ್ಸೊಫೋನ್ ವಾದಕ ಜಿಮ್ಮಿ ಜೂಫ್ರಿ ಅವರನ್ನು ಕೇಳಿ. 1958ರ ಅವರ ತಂಡದಲ್ಲಿ ಬಾಬ್ ಬ್ರೂಕ್‌ಮೈಯರ್ ಟ್ರೊಂಬೋನ್, ಜಿಮ್ ಹಾಲ್ ಗಿಟಾರ್. ಡ್ರಮ್ಸ್ ಮಾತ್ರವಲ್ಲ, ತಗ್ಗು ಸ್ವರದ ತಂತಿವಾದ್ಯ ಬಾಸ್ ಕೂಡ ಇಲ್ಲ. ಲಯ ಮೂವರ ನಡುವೆ ಕೈಯಿಂದ ಕೈಗೆ ಹೋಗುತ್ತದೆ. 1961ರಲ್ಲಿ ಅವರು ಕ್ಲಾರಿನೆಟ್ ಹಿಡಿದು ಪಿಯಾನೋದ ಪಾಲ್ ಬ್ಲೇ, ಬಾಸಿನ ಸ್ಟೀವ್ ಸ್ವಾಲೋ ಜೊತೆ ಇನ್ನೂ ಮುಂದೆ ಹೋದರು. ಬಹಳ ಮೆಲ್ಲಗಿನ ಸಂಗೀತ. ಆಗ ಕೇಳುವವರೇ ಕಡಿಮೆ. ಒಂದು ರಾತ್ರಿ ನುಡಿಸಿದ್ದಕ್ಕೆ ತಲೆಗೆ 35 ಸೆಂಟ್ ಬಂತಂತೆ, ತಂಡ ಅಲ್ಲಿಗೇ ಮುಗಿಯಿತು. ಅವರ ಆ 1961ರ ರೆಕಾರ್ಡುಗಳನ್ನು ಇಸಿಎಂ ಎಂಬ ರೆಕಾರ್ಡ್ ಕಂಪನಿ 1992ರಲ್ಲಿ ಮತ್ತೆ ಹೊರತಂದಿತು.

ನಮ್ಮ ಕಡೆಯ ಕಿವಿಗೆ ಇನ್ನೂ ಹತ್ತಿರದ್ದು ಕೊಡೋನಾ ಎಂಬ ತಂಡ. ಕಾಲಿನ್, ಡಾನ್, ನಾನಾ, ಮೂವರ ಹೆಸರಿನ ಇಂಗ್ಲಿಷ್ ಕಾಗುಣಿತದ ಮೊದಲ ತುಂಡು (Co, Do, Na) ಸೇರಿಸಿ ಇಟ್ಟ ಹೆಸರು. 1978ರಲ್ಲಿ ಮೊದಲ ರೆಕಾರ್ಡ್ ಮಾಡಿದರು. ಡಾನ್ ಚೆರಿ ಟ್ರಂಪೆಟ್ಟಿನವರು. ಕಾಲಿನ್ ವಾಲ್ಕಾಟ್ ರವಿಶಂಕರ್ ಹತ್ತಿರ ಸಿತಾರ್, ಅಲ್ಲಾರಖಾ ಹತ್ತಿರ ತಬಲಾ ಕಲಿತವರು. ಧಾರವಾಡದಲ್ಲಿ ರಹಿಮತ್ ಖಾನರ ಮನೆತನದ ಸಿತಾರ್ ಕೇಳಿದವರಿಗೆ ವಾಲ್ಕಾಟ್ ಸಪ್ಪೆ ಅನಿಸಬಹುದು. ನನಗೂ ಹಾಗೇ ಅನಿಸಿತ್ತು. ಆಮೇಲೆ ಗೊತ್ತಾಯಿತು, ಅವರು ಸಿತಾರನ್ನು ಮುಂದೆ ತರುತ್ತಲೇ ಇಲ್ಲ, ಉಳಿದಿಬ್ಬರಿಗೆ ಜಾಗ ಬಿಡುತ್ತಿದ್ದಾರೆ. ನಾನಾ ವಾಸ್ಕೊನ್ಸೆಲೋಸ್ ನುಡಿಸಿದ್ದು ಬ್ರೆಜಿಲಿನ ಬೆರಿಂಬಾವ್: ಬಿಲ್ಲಿಗೆ ಒಂದೇ ತಂತಿ, ಕೆಳಗೊಂದು ಸೋರೆಬುರುಡೆ. ಅದನ್ನು ಕೇಳಿ ನಮ್ಮ ಚೌಡಿಕೆಯವನು, "ಏ, ಇದು ನಮ್ಮ ಚೌಡಿಕಿ ತಮ್ಮ ಐತಲೇ!" ಅಂದ.

ಮುಂದಿನ ಸಲ ಒಂದೇ ನಿಯಮ ಮಾಡಿಕೊಂಡೆವು. ಇಬ್ಬರು ನುಡಿಸುವಾಗ ಮೂರನೆಯವನು ವಾದ್ಯದಿಂದ ಕೈ ತೆಗೆದು ಕೂರಬೇಕು, ಹೇಳಲು ಏನಾದರೂ ಇದ್ದರೆ ಮಾತ್ರ ಒಳಗೆ ಬರಬೇಕು. ನಲವತ್ತು ನಿಮಿಷದ ರೆಕಾರ್ಡಿಂಗಿನಲ್ಲಿ ಉಳಿಸಿಕೊಂಡದ್ದು ನಾಲ್ಕು ನಿಮಿಷ. ಅದರಲ್ಲಿ ಒಂದೂವರೆ ನಿಮಿಷ ನಾನು ಸುಮ್ನೆ ಕೂತಿದ್ದೇನೆ.